ಉಳಿದ ಪಾಠದ ವಿಚಾರ

ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ನಾವು ಮೂವತ್ತೇಳು ವರುಷ ಮಕ್ಕಳಿಗೆ ಬೋಧಿಸಿದೆವು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕಡೆಗೆ ಇಂಡಿ, ಹೀಗೆ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ದಿನದ ಸುಭಾಷಿತವೆಂದು ಕರಿಹಲಿಗೆಯ ಮೇಲೆ ನಾವು ಬರೆಯಿಸಿದ ವಾಕ್ಯಗಳನ್ನೆಲ್ಲ ಒಟ್ಟುಗೂಡಿಸಿದರೆ ಅವುಗಳಲ್ಲಿ ಬಹುಭಾಗ ಇದೇ ಅರ್ಥದವಾಗಿದ್ದಾವು. ಹೇಳುವ ಮಾತು ಹೇಳುವವನ ಮನೆಗೇ ಒಂದು ದಿನ ಅತಿಥಿಯಾಗಿ ಬರುವದೆಂಬುದು ಮಾತ್ರ ನಮಗೆ ಹೊಳೆದಿರಲಿಲ್ಲ. ನಿವೃತ್ತಿ ಹೊಂದಿದ ವರುಷವೇ ಅದು ಬಂದಿತು. ನಮ್ಮ ತಮ್ಮನ ಮಗಳಿಗೆ ದಂತವೈದ್ಯಕೀಯ ಶಿಕ್ಷಣಕ್ಕೆ ಸ್ಥಳ ದೊರೆಯಿತು. ಅವಳು ನಮ್ಮಲ್ಲಿ ಹಿಡಿದಿದ್ದ ಒಂದು ಓದು ಆಗ ನಡುವೆ ನಿಂತಿದ್ದಿತು. ಅದನ್ನು ಮುಗಿಸಿಯೇ ಹೋಗಬೇಕೇ, ಬಿಟ್ಟು ಹೋಗಬಹುದೇ ಎಂಬ ಪ್ರಶ್ನೆಯನ್ನು ನಾವು ಬಗೆಹರಿಸಿದ ರೀತಿಯನ್ನು, ಅದರಲ್ಲಿ ನಮ್ಮಿಂದಾದ ತಪ್ಪನ್ನು ಸಹ, ವಾಚಕರ ಮುಂದಿಡುತ್ತೇವೆ. ಮಕ್ಕಳಿರುವ ಮನೆಗಳಲ್ಲಿ ಇಂಥ ಪ್ರಸಂಗ ಒಂದಿಲ್ಲೊಂದು ರೂಪದಿಂದ ಬಾರದೆ ಇರಲಾರದು.

ನಮ್ಮ ಹುಟ್ಟೂರು ಸಿಂದಗಿಯ ಕಡೆಯದು. ಎರೆಯ ಭೂಮಿ, ಹಿಂಗಾರಿಯ ಜೋಳವೇ ಜೀವನಾಧಾರ. ನೆಲ ಎಷ್ಟು ಫಲವತ್ತಾದುದೋ ನೀರು ಅಷ್ಟೇ ಹೊಲ್ಲದು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡೆಂಬ ಪದಾರ್ಥ ಮಿತಿಮೀರಿ ಬೆರೆತಿರುವದು. ಒಂದು ಲೀಟರ ನೀರಿನಲ್ಲಿ ಅದು ೧.೫ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಶೈಶವದಲ್ಲಿ, ಒಸಡಿನೊಳಗೆ ಹಲ್ಲುಗಳು ರೂಪುಗೊಳ್ಳುತ್ತಿರುವ ಕಾಲಕ್ಕೆ, ಇಂಥ ನೀರನ್ನು ಕುಡಿದ ಮಕ್ಕಳ ಹಲ್ಲಿನ ಮೇಲ್ಪದರದಲ್ಲಿಯೇ ಕಂದು ಬಣ್ಣದ ಗೆರೆಗಳು ಕೂಡ್ರುವವು. ತಿಕ್ಕಿದರೆ ಹೋಗತಕ್ಕ ಕೊಳೆ ಅದಲ್ಲ. ನಮ್ಮ ತಮ್ಮನ ಮಗಳ ಮುಂದಿನ ಹಲ್ಲುಗಳು ಹೀಗೆಯೇ ಇರುವವು. ಹತ್ತು ವರುಷದವಳಿದ್ದಾಗ ಅವಳು ಇದ್ದಿಲಪುಡಿ, ಉಪ್ಪು, ಇಟ್ಟಂಗಿಯ ಪುಡಿ, ಎಲ್ಲವುಗಳಿಂದ ತಿಕ್ಕಿ ತಿಕ್ಕಿ ಒಸಡಿನಲ್ಲಿ ರಕ್ತ ಬರಿಸಿಕೊಂಡು, "ದೊಡ್ಡಪ್ಪಾ, ಎಷ್ಟ ತಿಕ್ಕಿದರೂ ಇದು ಯಾಕ ಹೋಗವಲ್ದು?" ಎಂದು ನಮ್ಮನ್ನು ಕೇಳಿದಳು. ನಾವು ಶಾಲೆಯ ಮಾಸ್ತರರು. ಆದರೂ ಉತ್ತರ ತಿಳಿದಿರಲಿಲ್ಲ. ನಕ್ಕಾಗಲೆಲ್ಲ ಓಢಣಿಯ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವ ರೂಢಿ ಅವಳಿಗೆ ಅಂದಿನಿಂದಲೇ ಬಂದಿತು. ದಂತವೈದ್ಯಳಾಗಬೇಕೆಂಬ ಹಂಬಲದ ಮೂಲವೂ ಅದೇ.

ಪಿ.ಯು.ಸಿ. ಓದಲಿಕ್ಕೆ ಅವಳು ಇಂಡಿಯಲ್ಲಿ ನಮ್ಮ ಮನೆಗೆ ಬಂದು ಇದ್ದಳು. ೨೦೨೩ರಲ್ಲಿ ಅವಳು ಮೊದಲನೆಯ ಸಲ ನೀಟ್ ಪರೀಕ್ಷೆಗೆ ಕುಳಿತಾಗ ಸಾಕಷ್ಟು ಗುಣಗಳು ಬರಲಿಲ್ಲ. ಉತ್ತರಿಸಬೇಕಾದ ಪ್ರಶ್ನೆ ನೂರೆಂಬತ್ತು, ಒಟ್ಟು ೭೨೦ ಗುಣ. ಒಂದು ಸರಿಯುತ್ತರಕ್ಕೆ ನಾಲ್ಕು ಗುಣ ಕೂಡಿದರೆ ಒಂದು ತಪ್ಪುತ್ತರಕ್ಕೆ ಒಂದು ಗುಣ ಕಳೆಯುವದು. ಕನ್ನಡ ಮಾಧ್ಯಮದ ಹಳ್ಳಿಯ ಶಾಲೆಯಲ್ಲಿ ಹತ್ತು ವರುಷ ಕಲಿತು ಬಂದ ಹುಡುಗಿಗೆ ಇದು ಸುಲಭದ ಮಾತಲ್ಲ. ಭೀಮೆಯ ಆಚೆಯ ದಂಡೆಯ ಅಫಜಲಪುರದ ಮಕ್ಕಳಿಗೆ ಸಂವಿಧಾನದ ೩೭೧ಜೆ ಕಲಮಿನ ಆಸರೆಯುಂಟು. ಈಚೆಯ ದಂಡೆಯ ನಮ್ಮ ಮಕ್ಕಳಿಗೆ ಅದಿಲ್ಲ. ಇನ್ನೊಂದು ವರುಷ ಓದಿ ಮತ್ತೆ ಕೂಡ್ರುವೆನೆಂದು ಅವಳು ಹಟ ತೊಟ್ಟಳು. ಹಗಲೆಲ್ಲ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಉರುಹಚ್ಚಿ ಅವಳ ಮುಖ ಬಾಡಿರುವದನ್ನು ಕಂಡು, ಸಂಜೆಗೆ ಒಂದು ತಾಸು ಸಂಸ್ಕೃತ ಓದಿದರೆ ಮನಸ್ಸಿಗೆ ಹವೆ ಬದಲಾದಂತಾಗುವದೆಂದು ನಾವೇ ಸೂಚಿಸಿದೆವು. ಅವಳೂ ಒಪ್ಪಿದಳು.

ಮಾಸ್ತರನಾದವನಿಗೆ ಯೋಜನೆ ಹಾಕದ ಹೊರತು ಕೈ ಸುಮ್ಮನಿರಲಾರದು. ಒಂದು ನೋಟಬುಕ್ಕಿನಲ್ಲಿ ಮೂರು ಶಿರೋನಾಮೆಗಳನ್ನು ಬರೆದೆವು. ಮೊದಲನೆಯದು ಅಮರಕೋಶದ ಮನುಷ್ಯವರ್ಗ, ಶರೀರದ ಅವಯವಗಳ ಹೆಸರುಗಳಿರುವ ಭಾಗ. ಎರಡನೆಯದು ರಘುವಂಶದ ಮೊದಲ ಎರಡು ಸರ್ಗ. ಮೂರನೆಯದು ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನಾರನೆಯ ಅಧ್ಯಾಯ, ಅಂದರೆ ಬಾಯಿಯ ರೋಗಗಳ ಪ್ರಕರಣ. ಯಾವ ಪರೀಕ್ಷೆಗೂ ಇದು ಬೇಕಾದುದಲ್ಲ. ಯಾರೂ ಇದಕ್ಕೆ ಗುಣ ಕೊಡುವವರಿಲ್ಲ. ಆದರೂ ಆ ವರುಷ ಸಾಯಂಕಾಲದ ಆ ಒಂದು ತಾಸು ನಮ್ಮ ಮನೆಯಲ್ಲಿ ದೀಪ ಹಚ್ಚಿದಂತೆ ಇರುತ್ತಿದ್ದಿತು. ಹಲ್ಲಿಗೆ ರದನ, ದಶನ, ದಂತ, ರದ ಎಂದು ಪರ್ಯಾಯಪದಗಳನ್ನು ಹೇಳಿಸಿದಾಗ ಅವಳು, ಅವುಗಳಲ್ಲಿ ಬಾಚಿಹಲ್ಲು ಎಂಟು, ಕೋರೆಹಲ್ಲು ನಾಲ್ಕು, ಮುಂದವಡೆಯ ಹಲ್ಲು ಎಂಟು, ದವಡೆಯ ಹಲ್ಲು ಹನ್ನೆರಡು ಎಂದು ತನ್ನ ಪಾಠವನ್ನು ನಮಗೆ ಒಪ್ಪಿಸುವಳು. ಹೀಗೆ ಗುರುಶಿಷ್ಯರ ಸ್ಥಾನ ತಾಸಿನಲ್ಲಿ ನಾಲ್ಕು ಸಲ ಅದಲುಬದಲಾಗುತ್ತಿದ್ದಿತು.

೨೦೨೪ರ ಮೇ ೫ರಂದು ಅವಳು ಎರಡನೆಯ ಸಲ ಪರೀಕ್ಷೆಗೆ ಕುಳಿತಳು. ಆ ತಿಂಗಳ ಕೊನೆಗೆ ನಾವು ಸೇವಾನಿವೃತ್ತರಾದೆವು. ಆ ವರುಷದ ನೀಟ್ ಪರೀಕ್ಷೆಯ ಗೊಂದಲವನ್ನು ವಾಚಕರು ಮರೆತಿರಲಿಕ್ಕಿಲ್ಲ. ಜೂನ್ ೪ಕ್ಕೆ ಫಲಿತಾಂಶ, ಅದರ ಮೇಲೆ ಆಕ್ಷೇಪ, ಸರ್ವೋಚ್ಚ ನ್ಯಾಯಾಲಯದಲ್ಲಿ ವಿಚಾರಣೆ, ಜುಲೈ ೨೬ಕ್ಕೆ ಪರಿಷ್ಕೃತ ಫಲಿತಾಂಶ. ಮಕ್ಕಳೂ ತಾಯಿತಂದೆಗಳೂ ಎರಡು ತಿಂಗಳು ಉಸಿರು ಹಿಡಿದು ಕುಳಿತರು. ಇತ್ತ ಕೈಬಿಟ್ಟು ಹೋದೀತೆಂಬ ಭಯದಿಂದ ಅವಳ ಹೆಸರನ್ನು ಇಂಡಿಯಲ್ಲಿಯೇ ಬಿ.ಎಸ್ಸಿ. ತರಗತಿಗೆ ಹಚ್ಚಿಸಿದೆವು. ಮೊದಲನೆಯ ಸುತ್ತಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಬಂದಿತು. ಸೆಪ್ಟಂಬರದ ಒಂದು ಸಂಜೆ, ದೂರದ ಊರಿನ ಒಂದು ಕಾಲೇಜಿನಲ್ಲಿ ಸ್ಥಳ ದೊರೆತ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ಅವಳು ಸೆರಗು ಅಡ್ಡ ಹಿಡಿಯುವದನ್ನು ಮರೆತು ಬಾಯಿತುಂಬ ನಕ್ಕಳು. ಅದು ನಮಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಉಳಿದ ಓದುಗಳ ವಿಚಾರ. ಬಿ.ಎಸ್ಸಿ.ಯದು ತಾನಾಗಿಯೇ ತೀರಿತು. ಮೂಲ ಗುಣಪತ್ರಿಕೆಗಳನ್ನೂ ವರ್ಗಾವಣೆಯ ಪತ್ರವನ್ನೂ ಹೊಸ ಕಾಲೇಜಿಗೆ ಒಪ್ಪಿಸಬೇಕಾದುದರಿಂದ ಹಳೆಯ ಕಾಲೇಜಿನ ಹೆಸರು ಕಡಿಯಲೇಬೇಕಾಯಿತು. ಕಟ್ಟಿದ ಶುಲ್ಕ ಹೋದದ್ದು ಹೋಯಿತು. ಅದರ ಬಗ್ಗೆ ಯಾರಿಗೂ ಎರಡನೆಯ ಮಾತಿರಲಿಲ್ಲ. ಉಳಿದದ್ದು ನಮ್ಮ ನೋಟಬುಕ್ಕಿನ ಓದು. ಮನುಷ್ಯವರ್ಗ ಮುಗಿದಿದ್ದಿತು. ರಘುವಂಶದ ಮೊದಲ ಸರ್ಗ ಮುಗಿದು ಎರಡನೆಯದರಲ್ಲಿ ಇಪ್ಪತ್ತೇಳು ಶ್ಲೋಕಗಳಾಗಿದ್ದವು. ಆ ಸರ್ಗದಲ್ಲಿ ಒಟ್ಟು ಎಪ್ಪತ್ತೈದು, ಉಳಿದವು ನಾಲ್ವತ್ತೆಂಟು. ಕಾಲೇಜು ಆರಂಭವಾಗಲಿಕ್ಕೆ ಇಪ್ಪತ್ತನಾಲ್ಕು ದಿನಗಳು. ದಿನಕ್ಕೆ ಎರಡರಂತೆ ಲೆಕ್ಕ ಕೂದಲೆಳೆಯಷ್ಟೂ ತಪ್ಪದಂತೆ ಕೂಡಿತು! ಸುಶ್ರುತನಿಗೆ ರವಿವಾರಗಳಿದ್ದವು. ಇದು ದೈವಸಂಕಲ್ಪವೇ ಸರಿಯೆಂದು ನಾವು ಹಿಗ್ಗಿದೆವು. ಲೆಕ್ಕ ಕೂಡಿದ ಮಾತ್ರದಿಂದ ವಿಷಯವೂ ಕೂಡಿತೆಂದು ತಿಳಿಯುವದು ಮಾಸ್ತರರ ಹಳೆಯ ಭ್ರಾಂತಿ.

ನೆಂಟರಿಷ್ಟರ ಸಲಹೆಗಳು ನಾನಾ ಬಗೆಯಾಗಿದ್ದವು. ಬಾಗೇವಾಡಿಯಲ್ಲಿ ನಮ್ಮೊಡನೆ ಗಣಿತ ಕಲಿಸುತ್ತಿದ್ದ ಹಳೆಯ ಸ್ನೇಹಿತರು, ಹಿಡಿದದ್ದನ್ನು ಮುಗಿಸುವ ಅಭ್ಯಾಸವೇ ಮುಖ್ಯ, ಏನನ್ನು ಮುಗಿಸಿದೆವೆಂಬುದು ಗೌಣವೆಂದರು. ನಮ್ಮ ಬೋಧೆಯನ್ನೇ ನಮಗೆ ತಿರುಗಿ ಹೇಳಿದರು. ಸಹಜವಾಗಿಯೇ ಅದು ನಮಗೆ ರುಚಿಸಿತು. ಇನ್ನೊಬ್ಬರು, ಶ್ಲೋಕಗಳನ್ನು ಅತ್ತ ಇಟ್ಟು ಅಂಗರಚನೆಯ ದಪ್ಪ ಪುಸ್ತಕವನ್ನು ಈಗಲೇ ಕೊಂಡು ಓದಿಸಿರೆಂದರು. ಮುದ್ದೇಬಿಹಾಳದಲ್ಲಿ ನಮ್ಮ ಕೈಯಲ್ಲಿ ಕಲಿತು ಈಗ ದಂತವೈದ್ಯರಾಗಿರುವ ಶಿಷ್ಯರೊಬ್ಬರನ್ನು ಫೋನಿನಲ್ಲಿ ಕೇಳಿದೆವು. ಅವರ ಮಾತು ಹೀಗಿತ್ತು: ಶಿಕ್ಷಣ ನಾಲ್ಕು ವರುಷ, ಮೇಲೆ ಒಂದು ವರುಷದ ಕಡ್ಡಾಯ ರೋಗಿಸೇವೆ. ಮೊದಲನೆಯ ವರುಷ ಶರೀರದ ರಚನೆ, ಶರೀರದ ಕ್ರಿಯೆ ಹಾಗೂ ಜೀವರಸಾಯನ, ಹಲ್ಲಿನ ರಚನೆ, ಇವು ಮೂರೂ ಓನಾಮದಿಂದಲೇ ಆರಂಭವಾಗುವವು. ಮುಂಚಿತವಾಗಿ ಓದಿ ಬಂದವನೂ ಓದದೆ ಬಂದವನೂ ದೀಪಾವಳಿಯ ಹೊತ್ತಿಗೆ ಒಂದೇ ಸಾಲಿನಲ್ಲಿರುವರು. "ಸರ್, ಕನ್ನಡ ಮಾಧ್ಯಮದ ಹುಡುಗಿಗೆ ಬೇಕಾದದ್ದು ಇಂಗ್ಲಿಷ ಪುಸ್ತಕ ಓದಿ ಅರ್ಥ ಮಾಡಿಕೊಳ್ಳೂ ಧೈರ್ಯ. ಅದು ಬಿಟ್ಟರ, ಮನ್ಯಾಗ ಇದ್ದು ಹೊಟ್ಟಿ ತುಂಬ ಉಂಡು ನಿದ್ದಿ ಮಾಡಲಿ. ಮುಂದ ಐದು ವರ್ಷ ಅದು ಸಿಗೂದಿಲ್ಲ" ಎಂದರು. ಒಳ್ಳೆಯ ಸಲಹೆಯೇ. ಆದರೆ ಕೇಳಿದವರಿಗೆ ಬೇಕಾದ ಉತ್ತರ ಅದಾಗಿರಲಿಲ್ಲ.

ಅದೇ ರಾತ್ರಿ ನಮ್ಮ ತಮ್ಮ ಊರಿನಿಂದ ಫೋನು ಮಾಡಿದ. "ಅಣ್ಣಾ, ಹಿಂಗಾರಿ ಬಿತ್ತಿಗಿ ಸುರು ಆಗೇತಿ. ಹುಡುಗಿ ಯಾವಾಗ ಬರ್ತಾಳಂತ ಅವ್ವ ದಿನಾ ಕೇಳ್ತಾಳ. ನಿನ್ನ ಪಾಠ ಮುಗಿದ ಮ್ಯಾಲ ಕಳಸು, ಅವಸರಿಲ್ಲ" ಎಂದ. ನಮ್ಮ ತಾಯಿಗೆ ಆಗ ಎಂಬತ್ತಮೂರು ವರುಷ. ಅವಸರಿಲ್ಲವೆಂಬ ತಮ್ಮನ ಮಾತನ್ನು ನಾವು ಅಕ್ಷರಶಃ ತೆಗೆದುಕೊಂಡೆವು. ಅಣ್ಣನ ಮೇಲಿನ ಗೌರವದಿಂದ ಅವನು ನುಂಗಿಕೊಂಡ ಮಾತು ನಮಗೆ ಕೇಳಿಸಲಿಲ್ಲ.

ಎರಡು ದಿನ ಪಾಠ ನಡೆಯಿತು. ಎರಡನೆಯ ಸರ್ಗದಲ್ಲಿ ದಿಲೀಪಮಹಾರಾಜನು ನಂದಿನಿಯೆಂಬ ಧೇನುವಿನ ಹಿಂದೆ ಕಾಡಿನಲ್ಲಿ ತಿರುಗುತ್ತಿರುವನು. ಅಷ್ಟರಲ್ಲಿ ಸಿಂಹವೊಂದು ಆ ಹಸುವಿನ ಮೇಲೆ ಎರಗುವದು. ಅರಸನು ಬಾಣ ತೆಗೆಯಲೆಂದು ಬತ್ತಳಿಕೆಗೆ ಕೈಹಾಕಿದರೆ, ಬೆರಳುಗಳು ಬಾಣದ ಬುಡಕ್ಕೆ ಅಂಟಿಕೊಂಡು ಕೈ ಚಿತ್ರದಲ್ಲಿ ಬರೆದಂತೆ ನಿಂತುಬಿಡುವದು. ಇದು ಮೂವತ್ತೊಂದನೆಯ ಶ್ಲೋಕ. ಎರಡನೆಯ ದಿನದ ಪಾಠ ಅಲ್ಲಿಗೆ ಬಂದು ನಿಂತಿತು. ಅನ್ವಯ ಹೇಳೆಂದರೆ ಹುಡುಗಿ ಹೇಳಿದಳು, ತಪ್ಪಿಲ್ಲದೆ ಹೇಳಿದಳು. ಆದರೆ ಒಂದು ವರುಷದ ಹಿಂದೆ ಅದೇ ಜಾಗದಲ್ಲಿ ಕುಳಿತು ಹೇಳುತ್ತಿದ್ದವಳು ಇವಳಲ್ಲವೆಂದು ತೋರಿತು. ಪುಸ್ತಕ ಮುಚ್ಚಿದ ಕೂಡಲೆ ಗಡಿಯಾರ ನೋಡಿದಳು. ಊರಿಗೆ ಹೋಗುವ ಸಂಜೆಯ ಬಸ್ಸು ನಮ್ಮ ಓಣಿಯ ತಿರುವಿನಲ್ಲಿ ಹಾಯುವ ಹೊತ್ತು ಅದು. ಹಾಗಿದ್ದರೂ ಅವಳು ಒಂದು ಮಾತನ್ನೂ ಆಡಲಿಲ್ಲ.

ಆಡಿದವರು ನಮ್ಮ ಮನೆಯವರು. ಅವರು ಅಡಿಗೆಯ ಮನೆಯಿಂದ ಎಲ್ಲವನ್ನೂ ನೋಡಿದ್ದರು. ರಾತ್ರಿ ಊಟಕ್ಕೆ ಬಡಿಸುತ್ತ, "ಅಲ್ರೀ, ಇದು ಆಕೀ ಪಾಠಾನೋ, ನಿಮ್ಮ ಪಾಠಾನೋ?" ಎಂದರು. ಅಷ್ಟೇ, ಮುಂದೆ ಒಂದು ಶಬ್ದವಿಲ್ಲ. ರೊಟ್ಟಿ ಗಂಟಲಲ್ಲಿ ನಿಂತಿತು.

ಆ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಪುಸ್ತಕದ ಕಪಾಟನ್ನು ತೆರೆದೆವು. ಕೆಳಗಿನ ಅರೆಯಲ್ಲಿ ನಮ್ಮ ಸಿದ್ಧಾಂತಕೌಮುದಿಯಿರುವದು. ಅದರೊಳಗೆ ಒಂದು ನವಿಲುಗರಿ. ಕಾರಕ ಪ್ರಕರಣ ಮುಗಿದು ಸಮಾಸ ಪ್ರಕರಣ ಆರಂಭವಾಗುವ ಹಾಳೆಯಲ್ಲಿ ಅದನ್ನಿಟ್ಟದ್ದು ೧೯೮೭ರಲ್ಲಿ. ಅಂದು ನಾವು ಪಾಠಶಾಲೆಯಲ್ಲಿ ವಿದ್ವತ್ತಿಗೆ ಓದುತ್ತಿದ್ದೆವು. ಶಾಲಾಮಾಸ್ತರಿಕೆಯ ಆಜ್ಞಾಪತ್ರ ಬಂದಿತು. ತಂದೆಯವರು ತೀರಿಕೊಂಡು ಎರಡು ವರುಷವಾಗಿದ್ದಿತು, ತಮ್ಮ ಚಿಕ್ಕವ, ಮನೆಯಲ್ಲಿ ಸಾಲ. ಗುರುಗಳ ಬಳಿಗೆ ಹೋಗಿ ನಮಸ್ಕರಿಸಿ, ಹೋಗಲೇಬೇಕಾಗಿದೆಯೆಂದು ವಿಜ್ಞಾಪಿಸಿಕೊಂಡೆವು. ಅವರು ಬೇಡವೆನ್ನಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಉಳಿದದ್ದು ಎಲ್ಲಿಗೂ ಓಡಿಹೋಗುವದಿಲ್ಲ, ಬಿಡುವಾದಾಗ ಬಾ ಎಂದರು. ನಮಗೆ ಬಿಡುವಾಗಲಿಲ್ಲ. ಕೆಲವು ವರುಷಗಳ ಮೇಲೆ ಗುರುಗಳೂ ಇಲ್ಲವಾದರು. ನವಿಲುಗರಿ ಮೂವತ್ತೇಳು ವರುಷ ಅದೇ ಹಾಳೆಯಲ್ಲಿ ಇದ್ದಿತು. ವರ್ಗವಾದಾಗಲೆಲ್ಲ ಆ ಗ್ರಂಥ ನಮ್ಮ ಸಾಮಾನಿನೊಡನೆ ಊರಿಂದೂರಿಗೆ ಬಂದಿತು, ಒಮ್ಮೆಯೂ ತೆರೆಯಲ್ಪಡಲಿಲ್ಲ.

ಕೈಯಲ್ಲಿ ಆ ಗ್ರಂಥವನ್ನು ಹಿಡಿದು ಕುಳಿತಾಗ ಎರಡು ಸಂಗತಿಗಳು ಸ್ಪಷ್ಟವಾದವು. ಅರ್ಧಕ್ಕೆ ಬಿಡಬಾರದೆಂದು ನಾವು ಅಷ್ಟು ವರುಷ ಬರೆಯಿಸಿದ ಸುಭಾಷಿತಗಳೆಲ್ಲ ಮಕ್ಕಳಿಗಾಗಿ ಬರೆಯಿಸಿದವಲ್ಲ. ಆ ನವಿಲುಗರಿಗೆ ಹೇಳಿಕೊಂಡ ಸಮಾಧಾನಗಳು. ಎರಡನೆಯದು ಇನ್ನೂ ಕಹಿಯಾದುದು. ಮೇ ತಿಂಗಳಲ್ಲಿ ಶಾಲೆಯ ಬಾಗಿಲು ನಮ್ಮ ಹಿಂದೆ ಮುಚ್ಚಿದ ಮೇಲೆ ನಮಗೆ ಉಳಿದಿದ್ದ ವಿದ್ಯಾರ್ಥಿ ಈ ಹುಡುಗಿಯೊಬ್ಬಳೇ. ಅವಳ ಪಾಠ ಮುಗಿದರೆ ನಮ್ಮ ಮಾಸ್ತರಿಕೆಯೇ ಮುಗಿಯುವದು. ನಾಲ್ವತ್ತೆಂಟು ಶ್ಲೋಕ, ಇಪ್ಪತ್ತನಾಲ್ಕು ದಿನವೆಂಬ ಲೆಕ್ಕದಿಂದ ನಮಗೆ ಅಷ್ಟು ಹಿಗ್ಗು ಬಂದದ್ದು ಅವಳ ಓದು ಪೂರ್ಣವಾಗುವದೆಂದಲ್ಲ. ನಾವು ಇನ್ನೂ ಇಪ್ಪತ್ತನಾಲ್ಕು ದಿನ ಮಾಸ್ತರರಾಗಿರುವೆವೆಂದು! ಬಾಣಕ್ಕೆ ಅಂಟಿದ ಕೈ ದಿಲೀಪನದೊಂದೇ ಆಗಿರಲಿಲ್ಲ.

ಇಷ್ಟು ತಿಳಿದ ಮೇಲೆ ಪ್ರಶ್ನೆಯನ್ನು ಅದರ ಯೋಗ್ಯತೆಯ ಮೇಲೆಯೇ ತೂಗಿ ನೋಡುವದು ಸಾಧ್ಯವಾಯಿತು. ಈ ಓದು ಅವಳ ಮುಂದಿನ ವಿದ್ಯೆಗೆ ಬೇಕೇ? ಬೇಡ, ದಂತವೈದ್ಯಕೀಯ ಕಾಲೇಜು ಅವಳಿಂದ ರಘುವಂಶವನ್ನು ಕೇಳುವದಿಲ್ಲ. ಹಾಗಾದರೆ ಇದು ವ್ಯರ್ಥವೇ? ಅದೂ ಅಲ್ಲ. ಒಂದೇ ಶಾಸ್ತ್ರವನ್ನು ಓದಿದವನಿಗೆ ಆ ಶಾಸ್ತ್ರದ ನಿಶ್ಚಯವೂ ತಿಳಿಯದು, ಚಿಕಿತ್ಸಕನು ಬಹುಶ್ರುತನಾಗಿರಬೇಕು ಎಂಬ ಅಭಿಪ್ರಾಯ ಸುಶ್ರುತಸಂಹಿತೆಯಲ್ಲಿಯೇ ಇರುವದು. ಆದರೆ ಬಹುಶ್ರುತನಾಗುವದಕ್ಕೆ ಒಂದು ಆಯುಷ್ಯವಿರುವದು. ಈ ಇಪ್ಪತ್ತನಾಲ್ಕು ದಿನಗಳಲ್ಲಿಯೇ ಆಗಬೇಕೆಂದು ಅಲ್ಲಿ ಹೇಳಿಲ್ಲ. ಈಗ ಬಿಟ್ಟದ್ದು ಎಂದೆಂದಿಗೂ ಬಿಟ್ಟಂತೆಯೇ ಎಂಬ ನಮ್ಮ ಭಯಕ್ಕೆ ನಮ್ಮ ಒಬ್ಬರ ಅನುಭವದ ಹೊರತು ಬೇರೆ ಆಧಾರವಿರಲಿಲ್ಲ.

ಅದಕ್ಕೆ ವಿರುದ್ಧವಾದ ನಿದರ್ಶನಗಳು ನಮ್ಮ ಜಿಲ್ಲೆಯಲ್ಲಿಯೇ ಬೇಕಾದಷ್ಟಿವೆ. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಕಾಯದೆಯನ್ನು ಓದಿ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಶರಣರ ವಚನಗಳ ಓಲೆಗರಿಗಳನ್ನು ಅವರು ಕೈಯಲ್ಲಿ ಹಿಡಿದದ್ದು ಉದ್ಯೋಗಕ್ಕೆ ಸೇರಿದ ಮೇಲೆ. ೧೯೨೩ರಲ್ಲಿ ವಚನಶಾಸ್ತ್ರಸಾರ ಹೊರಬಂದಿತು. ೧೯೨೬ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ೧೯೬೪ರಲ್ಲಿ ತೀರಿಕೊಳ್ಳುವವರೆಗೆ ಅದೇ ಅವರ ಬಾಳಾಯಿತು. ಬಸವಣ್ಣನವರ ಊರಾದ ಬಾಗೇವಾಡಿಯಲ್ಲಿ ನಾವು ಮಕ್ಕಳಿಂದ ವಚನ ಹೇಳಿಸುತ್ತಿದ್ದಾಗ, ಇವು ಒಬ್ಬ ವಕೀಲರ ಬಿಡುವಿನ ಓದಿನಿಂದ ನಮ್ಮ ಕೈಸೇರಿದವೆಂಬುದನ್ನು ಹೇಳದೆ ಇರುತ್ತಿರಲಿಲ್ಲ. ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕುಟ್ಟುವ ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡರು. ೧೯೩೧ರಲ್ಲಿ ಗರತಿಯ ಹಾಡು ಪ್ರಕಟವಾಯಿತು. ಅವರಿಗೆ ಯಾವ ಕಾಲೇಜೂ ಆ ಪಾಠವನ್ನು ಹಚ್ಚಿರಲಿಲ್ಲ. ಒಲವಿದ್ದ ಓದು ಉದ್ಯೋಗದ ನಡುವೆಯೂ ತನ್ನ ಹೊತ್ತನ್ನು ಹುಡುಕಿಕೊಳ್ಳುವದು. ಒಲವಿಲ್ಲದ ಓದನ್ನು ಎಪ್ಪತ್ತೈದನೆಯ ಶ್ಲೋಕದವರೆಗೆ ಎಳೆದೊಯ್ದರೂ ಅದು ಮುಗಿದಂತಾಗದು. ನಮ್ಮ ಕೌಮುದಿ ನಿಂತದ್ದಕ್ಕೆ ನೌಕರಿ ಕಾರಣವಲ್ಲ. ಮೂವತ್ತೇಳು ವರುಷ ನಾವು ಅದನ್ನು ತೆರೆಯದೆ ಇದ್ದುದೇ ಕಾರಣ.

ಮಾರನೆಯ ದಿನ ಪಾಠವನ್ನಿಡಲಿಲ್ಲ. ಸಂಜೆ ಅವಳನ್ನು ಕೂಡ್ರಿಸಿಕೊಂಡು, ರಘುವಂಶ ಇಲ್ಲಿಗೆ ಇರಲಿ, ನಾಳೆ ಊರಿಗೆ ಹೋಗೆಂದು ಹೇಳಿದೆವು. ಅವಳು ನಮ್ಮ ಮುಖವನ್ನೇ ನೋಡಿ, "ಸಿಟ್ಟಾಗೀರೇನು ದೊಡ್ಡಪ್ಪಾ?" ಎಂದಳು. ಆ ಪ್ರಶ್ನೆಯೇ ನಮಗೆ ತಕ್ಕ ಶಿಕ್ಷೆ. ಸಿಟ್ಟಲ್ಲವೆಂದು ಒಡಂಬಡಿಸಲಿಕ್ಕೆ ಕೌಮುದಿಯನ್ನು ತಂದು ಅವಳಿಗೆ ನವಿಲುಗರಿಯನ್ನು ತೋರಿಸಬೇಕಾಯಿತು. ತರುವಾಯ ಅವಳೇ, ಹೋಗುವ ಮುಂಚೆ ಸುಶ್ರುತನ ಆ ಅಧ್ಯಾಯದಲ್ಲಿ ಏನಿದೆಯೆಂಬುದನ್ನಾದರೂ ಹೇಳಿರೆಂದು ಕೇಳಿದಳು. ಓದಿಸಲಿಲ್ಲ, ಬಾಯಿಮಾತಿನಿಂದ ಹೇಳಿದೆವು. ಬಾಯಿಯ ರೋಗಗಳು ಒಟ್ಟು ೬೫. ತುಟಿಯಲ್ಲಿ ಎಂಟು, ಹಲ್ಲಿನ ಬುಡದಲ್ಲಿ ಹದಿನೈದು, ಹಲ್ಲಿನಲ್ಲಿ ಎಂಟು, ನಾಲಗೆಯಲ್ಲಿ ಐದು, ತಾಲುವಿನಲ್ಲಿ ಒಂಬತ್ತು, ಕಂಠದಲ್ಲಿ ಹದಿನೇಳು, ಬಾಯಿತುಂಬ ಹರಡುವವು ಮೂರು. ಹಲ್ಲಿನ ಎಂಟರಲ್ಲಿ ಶ್ಯಾವದಂತಕವೆಂಬುದೊಂದು, ಹಲ್ಲು ಕಪ್ಪಿಡುವ ರೋಗ. ನಿನ್ನದು ಇದೇ ಇರಬಹುದೆಂದು ನಾವು ಉತ್ಸಾಹದಿಂದ ಸೂಚಿಸಿದೆವು. ಅವಳು ಅದರ ಕಾರಣವನ್ನು ವಿಚಾರಿಸಿದಳು. ಪಿತ್ತದೊಡನೆ ಕೂಡಿದ ರಕ್ತವೆಂದೆವು. "ಹಂಗಾದರ ಇದು ಅದಲ್ಲ ದೊಡ್ಡಪ್ಪಾ. ನಮ್ಮದು ನೀರಿಂದ ಬಂದದ್ದು" ಎಂದು ನಿಧಾನವಾಗಿ ತಲೆಯಲ್ಲಾಡಿಸಿದಳು. ಹತ್ತು ವರುಷದವಳಿದ್ದಾಗ ಕೇಳಿದ ಪ್ರಶ್ನೆಗೆ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು.

ನಾಲ್ಕನೆಯ ದಿನ ಅವಳು ಊರಿಗೆ ಹೋದಳು. ಇಪ್ಪತ್ತು ದಿನ ಅಲ್ಲಿದ್ದಳು. ಬಿತ್ತಿಗೆಯಲ್ಲಿ ತಾಯಿಗೆ ನೆರವಾದಳು, ಬುತ್ತಿ ಹೊತ್ತಳು. ಸಂಜೆಗೆ ನಮ್ಮ ತಾಯಿಯ ಬಾಯಿಯನ್ನು ಬ್ಯಾಟರಿಯ ಬೆಳಕಿನಲ್ಲಿ ನೋಡಿ, ಉಳಿದ ಐದು ಹಲ್ಲುಗಳಿಗೆ ಒಂದೊಂದರ ಹೆಸರು ಹೇಳಿ, "ಆಯಿ, ನೀನ ನನ್ನ ಮೊದಲನೇ ಪೇಶೆಂಟ್" ಎಂದಳಂತೆ. "ನನ್ನ ಹಲ್ಲ ಕಟ್ಟಾಕ ನೀ ಡಾಕ್ಟರ್ ಆಗೂತನಾ ನಾ ಇರ್ತೀನೇನ ಯವ್ವಾ?" ಎಂದು ತಾಯಿ ನಕ್ಕರಂತೆ. ೨೦೨೫ರ ಸಂಕ್ರಮಣ ಕಳೆದ ಕೆಲವೇ ದಿನಗಳಲ್ಲಿ ನಮ್ಮ ತಾಯಿ ತೀರಿಕೊಂಡರು. ಪರೀಕ್ಷೆಯ ನಡುವೆ ಹುಡುಗಿಗೆ ಅಂತ್ಯದರ್ಶನಕ್ಕೆ ಮಾತ್ರ ಬರಲಿಕ್ಕಾಯಿತು. ಇದನ್ನು ಬರೆದುದು ನಮ್ಮ ತೀರ್ಮಾನ ಸರಿಯೆಂದು ಸಾಧಿಸುವದಕ್ಕಲ್ಲ. ತಾಯಿ ನೂರು ವರುಷ ಬದುಕಿದ್ದರೂ ಅವಳನ್ನು ಕಳಿಸಬೇಕಾದದ್ದು ಯುಕ್ತವೇ ಆಗಿದ್ದಿತು. ಆದರೆ ಆ ಇಪ್ಪತ್ತು ದಿನಗಳನ್ನು ನಾವು ನಮ್ಮ ಲೆಕ್ಕಕ್ಕೆ ಬಳಸಿಕೊಂಡಿದ್ದರೆ ಯಾವ ಶ್ಲೋಕದಿಂದ ಅವುಗಳನ್ನು ತಿರುಗಿ ಕೊಡಲಿಕ್ಕೆ ಆಗುತ್ತಿದ್ದಿತು?

ಕಾಲೇಜು ಆರಂಭವಾದ ಎರಡನೆಯ ತಿಂಗಳು ಒಂದು ರಾತ್ರಿ ಅವಳ ಫೋನು ಬಂದಿತು. ಮೇಣದ ಗಟ್ಟಿಯಲ್ಲಿ ಹಲ್ಲುಗಳನ್ನು ಕೆತ್ತಿಸುತ್ತಿರುವರು, ಬಾಚಿಹಲ್ಲು ಮೂರು ಸಲ ಕೆಟ್ಟಿತು, ಕೈ ನೋಯುವದು ಎಂದಳು. ದನಿಯಲ್ಲಿ ಅಳು ಇದ್ದಿತು. ನಮಗೆ ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ನೆನಪಾಯಿತು. ಶಾಸ್ತ್ರವನ್ನು ಎಷ್ಟು ಕೇಳಿದ್ದರೂ ಕೈಯಿಂದ ಅಭ್ಯಾಸ ಮಾಡದವನು ಚಿಕಿತ್ಸೆಗೆ ಅಯೋಗ್ಯನೆಂದು ಅಲ್ಲಿ ಹೇಳಿದೆ. ಕೊಯ್ಯುವದನ್ನು ಕುಂಬಳ ಸೋರೆಗಳ ಮೇಲೆ, ಕೀಳುವದನ್ನು ಸತ್ತ ಪಶುಗಳ ಹಲ್ಲುಗಳ ಮೇಲೆ ಕಲಿಸಬೇಕೆಂದಿದೆ. ಮೇಣ ಬಳಿದ ಬೂರುಗದ ಹಲಿಗೆಯ ಮಾತೂ ಅಲ್ಲಿ ಬರುವದು. ಹುಡುಗಿಗೆ ಇದನ್ನು ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರ ಆಗಿನ ಕಾಲದಾಗೂ ಮ್ಯಾಣ ಕೆಡಸ್ತಿದ್ದರೇನು!" ಎಂದು ನಕ್ಕಳು. ಅಂದು ಅವಳಿಗೆ ಬೇಕಾದ ಪಾಠ ಅಷ್ಟೇ. ಅದು ನಮ್ಮ ನೋಟಬುಕ್ಕಿನಲ್ಲಿ ಇರಲಿಲ್ಲ.

ಗೃಹಸ್ಥರಾದ ವಾಚಕರಿಗೆ ನಮ್ಮ ಅನುಭವದಿಂದ ಒಂದೆರಡು ಮಾತು. ಮಗನಿಗೋ ಮಗಳಿಗೋ ಬಯಸಿದ ಸ್ಥಳ ದೊರೆತ ಮೇಲೆ, ಹಿಂದೆ ಹಾಕಿಕೊಂಡ ಐಚ್ಛಿಕ ಓದು ಉಳಿದಿದ್ದರೆ, ಮೊದಲು ಹೊಸ ಕಾಲೇಜಿನ ನಿಯಮವನ್ನು ವಿಚಾರಿಸಿರಿ. ಅಲ್ಲಿ ಅವಶ್ಯವಾದದ್ದು ಐಚ್ಛಿಕವಲ್ಲ; ಅದನ್ನು ಮುಗಿಸಲೇಬೇಕು. ಎರಡನೆಯದಾಗಿ, ಆ ಓದಿನೊಡನೆ ಬೇರೊಬ್ಬರಿಗೆ ಕೊಟ್ಟ ಮಾತು ಇದ್ದರೆ, ಉದಾಹರಣೆಗೆ ಚಿಕ್ಕ ಮಕ್ಕಳಿಗೆ ಪಾಠ ಹೇಳುವೆನೆಂದು ಒಪ್ಪಿದ್ದರೆ, ಅದನ್ನು ನಡೆಸಿಕೊಟ್ಟೇ ಹೋಗುವದು ಧರ್ಮ. ಮೂರನೆಯದಾಗಿ, ಮುಂದಿನ ಓದಿಗೆ ಕೈಗಂಬದಂತೆ ಆಗುವ ಭಾಗ ಅದರಲ್ಲಿದ್ದರೆ, ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷಿನ ಅಭ್ಯಾಸದಂತಹದು, ಅಷ್ಟನ್ನು ಆಯ್ದುಕೊಳ್ಳಿರಿ. ಈ ಮೂರೂ ಅಲ್ಲದಿದ್ದರೆ, ಮಗು ತಾನಾಗಿ ಬಯಸಿದರೆ ಮುಗಿಸಲಿ, ಬಯಸದಿದ್ದರೆ ಬಿಡಲಿ. ಐದು ವರುಷ ಮನೆಯಿಂದ ದೂರವಿರಲಿಕ್ಕೆ ಹೊರಟ ಮಗುವಿಗೆ ಮನೆಯಲ್ಲಿ ಕಳೆಯುವ ಕೆಲವು ದಿನ ಕೂಡ ಒಂದು ಪಾಠವೇ. ಮುಗಿಸೆಂದು ನಮ್ಮ ಬಾಯಿಗೆ ಮಾತು ಬರುವ ಮುಂಚೆ, ನಮ್ಮ ಮನೆಯವರು ಕೇಳಿದ ಆ ಪ್ರಶ್ನೆಯನ್ನು ಹಿರಿಯರಾದ ನಾವು ನಮಗೇ ಕೇಳಿಕೊಳ್ಳುವದು ಒಳ್ಳೆಯದು.

ಹುಡುಗಿಯನ್ನು ಬಸ್ಸಿಗೆ ಹತ್ತಿಸಿ ಬಂದ ದಿನವೇ ನಾವು ಕೌಮುದಿಯಲ್ಲಿ ನವಿಲುಗರಿಯನ್ನು ಎತ್ತಿ ಸಮಾಸ ಪ್ರಕರಣದ ಮೊದಲ ಸೂತ್ರಕ್ಕೆ ಕುಳಿತೆವು. ಮರೆತದ್ದು ಬಹಳ, ಕಣ್ಣೂ ಮೊದಲಿನಂತಿಲ್ಲ. ಈಗ ಸಮಾಸ ದಾಟಿ ತದ್ಧಿತದಲ್ಲಿ ಇದ್ದೇವೆ. ಗುರುಗಳು ಹೇಳಿದಂತೆ ಉಳಿದದ್ದು ಎಲ್ಲಿಗೂ ಓಡಿಹೋಗಿರಲಿಲ್ಲ.

ಮೊದಲ ವರುಷದ ಪರೀಕ್ಷೆ ಮುಗಿಸಿಕೊಂಡು ಹುಡುಗಿ ರಜೆಯಲ್ಲಿ ಇಂಡಿಗೆ ಬಂದಳು. ಚಹಾ ಕುಡಿದು ಕಪ್ಪು ಇಡುತ್ತಲೇ, "ದೊಡ್ಡಪ್ಪಾ, ಆ ಅರಸನ ಕೈ ಬಾಣ ಬಿಟ್ಟಿತೋ ಇಲ್ಲೋ?" ಎಂದು ಕೇಳಿದಳು. ಅರಸನು ಹಸುವಿನ ಬದಲಿಗೆ ತನ್ನ ಶರೀರವನ್ನೇ ಸಿಂಹಕ್ಕೆ ಒಪ್ಪಿಸಲಿಕ್ಕೆ ಸಿದ್ಧನಾದನು, ಆಗ ಕೈ ತಾನಾಗಿಯೇ ಬಿಟ್ಟಿತೆಂದು ಕತೆಯನ್ನಷ್ಟೇ ಹೇಳಿದೆವು. ಅವಳು ಎದ್ದು ಹೋಗಿ ಕಪಾಟಿನಿಂದ ರಘುವಂಶವನ್ನು ತಂದು, ಮೂವತ್ತೆರಡನೆಯ ಶ್ಲೋಕ ತೆಗೆದು ನಮ್ಮ ಮುಂದೆ ಇಟ್ಟಳು. ಆ ರಜೆಯಲ್ಲಿ ಹತ್ತು ಶ್ಲೋಕಗಳಾದವು. ಉಳಿದವು ಇನ್ನೂ ಇವೆ.